ನೀರಿನಿಂದ ಗಾಡಿ ಓಡುತ್ತಾ? ಎಲೆಕ್ಟ್ರೊಲಿಸಿಸ್‌ನ ಅರ್ಧ ಸತ್ಯ

‘ನೀರಿಗೆ ಕರೆಂಟ್ ಕೊಡಿ, ಹೈಡ್ರೋಜನ್ ಬರುತ್ತೆ, ಅದರಲ್ಲೇ ಗಾಡಿ ಓಡಿಸಿ, ಪೆಟ್ರೋಲ್ ಬೇಡವೇ ಬೇಡ.’ ಇಂಥ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು, ಕೊನೆಯಲ್ಲಿ ಕಿಟ್ ಮಾರುವವರ ಫೋನ್ ನಂಬರ್ ಸಮೇತ. ಇದರಲ್ಲಿ ಅರ್ಧ ನಿಜ ಇದೆ. ಜನ ನಂಬುವುದೂ ಅದಕ್ಕೇ.

ನೀರಿನಲ್ಲಿ ಎರಡು ಲೋಹದ ಕಡ್ಡಿ ಇಳಿಬಿಟ್ಟು ಡಿಸಿ ಕರೆಂಟ್ ಹರಿಸಿದರೆ ಒಂದರ ಬಳಿ ಹೈಡ್ರೋಜನ್, ಇನ್ನೊಂದರ ಬಳಿ ಆಕ್ಸಿಜನ್ ಗುಳ್ಳೆ ಏಳುವುದು ನಿಜ. ಇದೇ ಎಲೆಕ್ಟ್ರೊಲಿಸಿಸ್, ಶಾಲೆಯ ಪುಸ್ತಕದ ಭಾಷೆಯಲ್ಲಿ ವಿದ್ಯುದ್ವಿಭಜನೆ.

ಇದನ್ನು ನೋಡಲು ಲ್ಯಾಬಿಗೆ ಹೋಗಬೇಕಿಲ್ಲ. ಬೆನ್ಸನ್ ಟೌನ್‌ನ ಮನೆಯೊಂದರ ಮೆಟ್ಟಿಲ ಕೆಳಗಿರುವ ಯುಪಿಎಸ್ ಬ್ಯಾಟರಿ ಸಾಕು. ಕರೆಂಟ್ ಇದ್ದಾಗ ಅದು ವಿದ್ಯುತ್ತನ್ನು ರಾಸಾಯನಿಕ ರೂಪದಲ್ಲಿ ತುಂಬಿಕೊಳ್ಳುತ್ತದೆ, ಹೋದಾಗ ವಾಪಸ್ ಕೊಡುತ್ತದೆ. ಚಾರ್ಜ್ ತುಂಬಿದ ಮೇಲೂ ಕರೆಂಟ್ ಹರಿದರೆ ಒಳಗಿನ ನೀರೇ ಒಡೆದು ಗ್ಯಾಸ್ ಆಗುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗಿ ಬರುವುದು ಮುಖ್ಯವಾಗಿ ಇದರಿಂದ.

ಅದೇ ಮನೆಯ ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಲ್ಲಿ ಕ್ಲೋರಿನ್ ಬೆರೆಸಿ ಶುದ್ಧ ಮಾಡುತ್ತಾರೆ. ಕ್ಲೋರಿನ್ ಬರುವುದು ಎಲ್ಲಿಂದ? ಉಪ್ಪು ನೀರಿಗೆ ಕರೆಂಟ್ ಕೊಡುವುದರಿಂದ. ಜೊತೆಗೆ ಕಾಸ್ಟಿಕ್ ಸೋಡಾ, ಹೈಡ್ರೋಜನ್ ಕೂಡ ಸಿಗುತ್ತವೆ. ಕಾರವಾರದ ಪಕ್ಕದ ಬಿಣಗಾದಲ್ಲಿ ದಶಕಗಳಿಂದ ಇಂಥದೊಂದು ಕಾರ್ಖಾನೆ ಇದೆ. ಸಾಬೂನು, ಕಾಗದ, ಅಲ್ಯೂಮಿನಾ ತಯಾರಿಕೆಗೆಲ್ಲ ಕಾಸ್ಟಿಕ್ ಸೋಡಾ ಬೇಕು. ಅಂದರೆ ಎಲೆಕ್ಟ್ರೊಲಿಸಿಸ್ ಹೊಸ ಮ್ಯಾಜಿಕ್ ಏನಲ್ಲ, ಹಳೆಯ ಉದ್ಯಮ.

ಇನ್ನು ಲೆಕ್ಕ. 1 ಕೆಜಿ ಹೈಡ್ರೋಜನ್‌ಗೆ ಸುಮಾರು 9 ಲೀಟರ್ ನೀರು, 50 ಯೂನಿಟ್‌ಗಿಂತ ಹೆಚ್ಚು ಕರೆಂಟ್ ಬೇಕು. ಅದನ್ನೇ ಫ್ಯೂಯಲ್ ಸೆಲ್‌ನಲ್ಲಿ ಹಾಕಿ ಮತ್ತೆ ಕರೆಂಟ್ ಮಾಡಿದರೆ ಸಿಗುವುದು 16ರಿಂದ 18 ಯೂನಿಟ್. ಉಳಿದದ್ದು ಬಹುಪಾಲು ಶಾಖವಾಗಿ ಹೋಗುತ್ತದೆ.

ಮೂರರಲ್ಲಿ ಎರಡು ಪಾಲು ನಷ್ಟವಾದರೆ ಸರ್ಕಾರ ಯಾಕೆ ಇದರ ಹಿಂದೆ ಬಿದ್ದಿದೆ? ಪಾವಗಡದಂಥ ಸೋಲಾರ್ ಪಾರ್ಕ್‌ಗಳಲ್ಲಿ ಮಧ್ಯಾಹ್ನ ಕರೆಂಟ್ ಹೇರಳ, ರಾತ್ರಿ ಸೊನ್ನೆ. ಮಿಕ್ಕ ಕರೆಂಟನ್ನು ಹೈಡ್ರೋಜನ್ ಮಾಡಿ ದೀರ್ಘಕಾಲ ಇಡಬಹುದು. ನಮ್ಮ ಪ್ರಕಾರ ಅದಕ್ಕಿಂತ ದೊಡ್ಡ ಲಾಭ ಗೊಬ್ಬರದ್ದು: ಯೂರಿಯಾಕ್ಕೆ ಬೇಕಾದ ಅಮೋನಿಯಾಗೆ ಇಂದು ಹೈಡ್ರೋಜನ್ ಬರುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. 2023ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿದೆ. ನೀರನ್ನು ಒಡೆಯುವ ಯಂತ್ರ ತಯಾರಿಸುವ ಕಾರ್ಖಾನೆಯೊಂದನ್ನು ಓಮಿಯಮ್ ಕಂಪನಿ 2021ರಲ್ಲೇ ಬೆಂಗಳೂರಿನಲ್ಲಿ ತೆರೆಯಿತು.

ಈಗ ಆ ಕಿಟ್‌ಗೆ ಬನ್ನಿ. ಅದಕ್ಕೆ ಕರೆಂಟ್ ಎಲ್ಲಿಂದ? ಗಾಡಿಯ ಬ್ಯಾಟರಿಯಿಂದ. ಬ್ಯಾಟರಿಗೆ? ಪೆಟ್ರೋಲ್ ಸುಡುವ ಎಂಜಿನ್‌ನಿಂದಲೇ. ಪ್ರತಿ ಹಂತದಲ್ಲೂ ಸೋರಿಕೆ. ಕೊಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬರಲು ಸಾಧ್ಯವೇ ಇಲ್ಲ. ನೀರು ಇಂಧನವಲ್ಲ, ಅದು ಹೈಡ್ರೋಜನ್ ಉರಿದ ಮೇಲೆ ಉಳಿಯುವ ವಸ್ತು. ಬೂದಿಯಿಂದ ಒಲೆ ಉರಿಸಿದ ಹಾಗೆ.

ಫಾರ್ವರ್ಡ್ ನೋಡಿ ಮಕ್ಕಳು ಮನೆಯಲ್ಲಿ ಪ್ರಯೋಗ ಮಾಡಲು ಹೊರಟರೆ ತಡೆಯಿರಿ. ಅಡುಗೆ ಉಪ್ಪು ಹಾಕಿದರೆ ವಿಷಕಾರಿ ಕ್ಲೋರಿನ್ ಗ್ಯಾಸ್ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಚಮಚ ಬಳಸಿದರೆ ಕ್ಯಾನ್ಸರ್‌ಕಾರಕ ಕ್ರೋಮಿಯಂ ನೀರಿಗೆ ಬಿಡಬಹುದು. ಯುಪಿಎಸ್ ಬ್ಯಾಟರಿ ಇರುವ ಜಾಗಕ್ಕೂ ಗಾಳಿ ಆಡಬೇಕು: ಗಾಳಿಯಲ್ಲಿ ಶೇ 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಲ್ಲಿ ದೀಪ, ಊದುಬತ್ತಿ ಹಚ್ಚಬೇಡಿ.