ಗುಜರಿ ತಕ್ಕಡಿಗೆ ಏರುವ ಮುನ್ನ: ಹಳೆಯ ಜಾಹೀರಾತು ಫಲಕ, ಡಬ್ಬಿ, ಬಿಲ್ಲೆಗಳ ಸಂಗ್ರಹ

ಬೆಂಗಳೂರಿನ ಅಂಚಿನಲ್ಲಿರುವ ಹಳ್ಳಿಗಳಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ತೊಲೆ, ಕಂಬ, ಬಾಗಿಲುವಾಡಗಳಿಗೆ ಗಿರಾಕಿಗಳು ಮೊದಲೇ ಗೊತ್ತಾಗಿರುತ್ತಾರೆ. ಅಟ್ಟದ ಮೇಲಿನ ತುಕ್ಕು ಹಿಡಿದ ಡಬ್ಬಿ, ಅಂಗಡಿ ಗೋಡೆಗೆ ಬಡಿದಿದ್ದ ಎನಾಮೆಲ್ ಫಲಕ, ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಗೋಲಿ ಸೋಡಾ ಸೀಸೆ ಇವುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ನೇರವಾಗಿ ಗುಜರಿಯವನ ತಕ್ಕಡಿ ಸೇರಿ ಕಬ್ಬಿಣದ ದರಕ್ಕೆ, ಗಾಜಿನ ದರಕ್ಕೆ ಮಾರಾಟವಾಗುತ್ತವೆ. ಅದೇ ಫಲಕ ಎರಡು ಕೈ ದಾಟಿ ನಗರದ ಅಲಂಕಾರಿಕ ವಸ್ತುಗಳ ಅಂಗಡಿಗೆ ಬರುವ ಹೊತ್ತಿಗೆ ‘ವಿಂಟೇಜ್’ ಎಂಬ ಚೀಟಿ ಅಂಟಿರುತ್ತದೆ. ಬೆಲೆ ಏರಿರುತ್ತದೆ, ಆದರೆ ಅದು ಯಾವ ಊರಿನ ಯಾವ ಅಂಗಡಿಯದೆಂಬ ಸಂಗತಿ ದಾರಿಯಲ್ಲೇ ಕಳೆದುಹೋಗಿರುತ್ತದೆ.

ಹಳೆಯ ವ್ಯಾಪಾರ ಸಂಸ್ಥೆಗಳ ಜಾಹೀರಾತು ಸಾಮಗ್ರಿ ಹಾಗೂ ನೆನಪಿನ ಕಾಣಿಕೆಗಳನ್ನು ಕೂಡಿಡುವುದು ಪಶ್ಚಿಮದ ದೇಶಗಳಲ್ಲಿ ಬಲವಾಗಿ ಬೇರೂರಿರುವ ಹವ್ಯಾಸ. ಅಮೆರಿಕದ ಪಶ್ಚಿಮ ಗಡಿನಾಡಿನಲ್ಲಿ ಚಿನ್ನ ಅರಸಿ ಹೋದವರ ಹಿಂದೆಯೇ ಹುಟ್ಟಿಕೊಂಡ ಹೆಂಡದಂಗಡಿಗಳ ಬಿಲ್ಲೆಗಳು, ತಂಬಾಕಿನ ಡಬ್ಬಿಗಳು, 1852ರಲ್ಲಿ ಆರಂಭವಾದ ವೆಲ್ಸ್ ಫಾರ್ಗೊ ಸಾಗಣೆ ಸಂಸ್ಥೆಯ ಕಾಗದಪತ್ರಗಳು ಅಲ್ಲಿ ಪ್ರತ್ಯೇಕ ಸಂಗ್ರಹ ವಿಭಾಗಗಳೇ ಆಗಿವೆ. ಕರ್ನಾಟಕದಲ್ಲಿ ಅದಕ್ಕೆ ಹತ್ತಿರದ ಹೋಲಿಕೆ ಹುಡುಕುವವರು ಬೆಂಗಳೂರು ದಂಡುಪ್ರದೇಶದಿಂದ ಕೋಲಾರ ಚಿನ್ನದ ಗಣಿಯವರೆಗಿನ ರೈಲುಹಾದಿಯನ್ನು ನೋಡಬೇಕು.

ಗಣಿ, ದಂಡು ಮತ್ತು ನಡುವಿನ ಹಳ್ಳಿಗಳು

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅನುಗೊಂಡನಹಳ್ಳಿ ಈ ಹಾದಿಯ ಮಗ್ಗುಲಲ್ಲೇ ಇದೆ. ಒಂದು ದಿಕ್ಕಿನಲ್ಲಿ 1882ರಲ್ಲಿ ಡಿ.ಎಸ್. ವೈಟ್ ಅವರ ನೇತೃತ್ವದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಮುದಾಯಕ್ಕಾಗಿ ಹುಟ್ಟಿದ ವೈಟ್‌ಫೀಲ್ಡ್, ಇನ್ನೊಂದು ದಿಕ್ಕಿನಲ್ಲಿ ಮಾಲೂರು. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. 1873ರಲ್ಲಿ ಮೈಕೆಲ್ ಲೆವೆಲ್ಲಿ ಎಂಬ ನಿವೃತ್ತ ಸೈನಿಕ ಕೋಲಾರದಲ್ಲಿ ಗಣಿಗಾರಿಕೆಗೆ ಅನುಮತಿ ಕೋರಿದ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ ವಹಿಸಿಕೊಂಡ ಮೇಲೆ ಗಣಿ ಕೈಗೂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಕವಲು ಹಾದಿ ತೆರೆಯಿತು.

ಸಿಪಾಯಿ, ಗಣಿ ಕಾರ್ಮಿಕ, ಆಂಗ್ಲ ಅಧಿಕಾರಿ ಮೂವರೂ ಸಂಬಳದ ಗಿರಾಕಿಗಳು. ಸಂಬಳ ಇದ್ದಲ್ಲಿಗೆ ಬಿಸ್ಕತ್ತು, ಸಾಬೂನು, ಬಿಯರು, ಸಿಗರೇಟು, ಬೆಂಕಿಪೊಟ್ಟಣಗಳೂ ಅವುಗಳ ಬಣ್ಣದ ಫಲಕಗಳೂ ಬಂದವು. ಒಂದೇ ಫಲಕದಲ್ಲಿ ಇಂಗ್ಲಿಷ್, ಕನ್ನಡ, ತಮಿಳು, ತೆಲುಗು, ಉರ್ದು ಲಿಪಿಗಳನ್ನು ಜೋಡಿಸುವ ಪದ್ಧತಿಗೂ ಇಂಥ ಮಿಶ್ರ ಪೇಟೆಗಳೇ ಕಾರಣ.

ಹಳ್ಳಿಗೆ ಮೊದಲು ತಲುಪಿದ ‘ಕಂಪನಿ ಮಾಲು’ಗಳಲ್ಲಿ ಸೀಮೆಎಣ್ಣೆ ಮುಖ್ಯವಾದುದು. ಹೆಸರಿನಲ್ಲಿರುವ ‘ಸೀಮೆ’ಯೇ ಅದು ಪರದೇಶದ್ದೆಂದು ಸಾರುತ್ತದೆ. ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕಾಕಾರದ ತಗಡಿನ ಡಬ್ಬಗಳಲ್ಲಿ ಬರುತ್ತಿದ್ದ ಈ ಎಣ್ಣೆ ಮುಗಿದ ಮೇಲೆ ಡಬ್ಬವೇ ನೀರಿನ ಕೊಡವಾಯಿತು, ಕಾಳಿನ ಡಬ್ಬವಾಯಿತು, ಬಿಚ್ಚಿ ಬಡಿದರೆ ಬಚ್ಚಲಮನೆಯ ಮಾಡೂ ಆಯಿತು. ಹೀಗೆ ಪೂರ್ತಿ ಬಳಕೆಯಾದುದರಿಂದಲೇ ಮುದ್ರೆ ಅಳಿಯದ ಇಡೀ ಡಬ್ಬ ಈಗ ಅಪರೂಪ. 1928ರಲ್ಲಿ ರೂಪುಗೊಂಡ ಬರ್ಮಾ ಶೆಲ್ ಸಂಸ್ಥೆಯ ಎನಾಮೆಲ್ ಫಲಕಗಳು ಇಂದಿಗೂ ಸಂಗ್ರಾಹಕರ ಮೆಚ್ಚಿನವು. ಬರ್ಮಾ ಶೆಲ್, ಎಸ್ಸೊ, ಕ್ಯಾಲ್ಟೆಕ್ಸ್ ಮೂರೂ 1970ರ ದಶಕದಲ್ಲಿ ರಾಷ್ಟ್ರೀಕರಣಗೊಂಡು ಇಂದಿನ ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂಗಳಲ್ಲಿ ಲೀನವಾದವು. ಅನುಗೊಂಡನಹಳ್ಳಿ ಸಮೀಪದ ದೇವನಗೊಂದಿಯಲ್ಲಿ ತೈಲ ಸಂಸ್ಥೆಗಳ ಬೃಹತ್ ಸಂಗ್ರಹಾಗಾರಗಳಿವೆ. ಹಳೆಯ ಹೆಸರು ಉಳಿದಿರುವುದು ಈಗ ತಗಡಿನ ಮೇಲೆ ಮಾತ್ರ.

ಸ್ವದೇಶಿ ಮಾಲುಗಳ ಪೈಕಿ ಮೊದಲ ಸ್ಥಾನ ಮೈಸೂರು ಸ್ಯಾಂಡಲ್ ಸಾಬೂನಿನದು. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತು ಮರ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ತಂತ್ರ ಕಲಿತು ಬಂದರು. 1918ರ ವೇಳೆಗೆ ಸಾಬೂನು ಪೇಟೆಗೆ ಬಂತು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಲಾಂಛನ. ಟ್ರಾಮ್ ಟಿಕೆಟ್ಟಿನಿಂದ ಬೆಂಕಿಪೊಟ್ಟಣದವರೆಗೆ ಈ ಸಾಬೂನಿನ ಚಿತ್ರ ಅಚ್ಚಾಗುತ್ತಿತ್ತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ನಡೆಸಿದ್ದುಂಟು. ಸರಕಾರಿ ಸಂಸ್ಥೆಯೊಂದು ಇಷ್ಟು ಧಾರಾಳವಾಗಿ ಪ್ರಚಾರ ಮಾಡಿದ ಉದಾಹರಣೆ ಆ ಕಾಲದಲ್ಲಿ ವಿರಳ. ಸಂಗ್ರಾಹಕರಿಗೆ ಅದೇ ಅನುಕೂಲವಾಗಿದೆ.

1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿಯ ಪೊಟ್ಟಣಗಳು, 1915ರಲ್ಲಿ ಥಾಮಸ್ ಲೀಶ್‌ಮನ್ ಹಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್‌ನ ಸೀಸೆ-ಚೀಟಿಗಳು ಈ ಸಾಲಿಗೆ ಸೇರುತ್ತವೆ. ಗೋಲಿ ಸೋಡಾ ಸೀಸೆ 1870ರ ದಶಕದಲ್ಲಿ ಹಿರಮ್ ಕಾಡ್ ಎಂಬ ಆಂಗ್ಲನು ಹಕ್ಕುಸ್ವಾಮ್ಯ ಪಡೆದ ವಿನ್ಯಾಸ. ಒಳಗಿನ ಗೋಲಿಗಾಗಿ ಮಕ್ಕಳು ಒಡೆದ ಸೀಸೆಗಳಿಗೆ ಲೆಕ್ಕವಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಕೂಲಿಯ ಲೆಕ್ಕಕ್ಕಾಗಿ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆಗಳಿಗೆ ನಾಣ್ಯಪ್ರಿಯರಲ್ಲಿ ವಿಶೇಷ ಬೇಡಿಕೆಯಿದೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿ ಕಂಪನಿಗಳ ಷೇರು ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅವು ಬರಿಯ ಕಾಗದವಾದವು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಆ ಕಾಗದಕ್ಕೆ ಮಾತ್ರ ಈಗ ಸಂಗ್ರಾಹಕರ ನಡುವೆ ಬೆಲೆಯಿದೆ.

ಕಾಲ ಗುರುತಿಸುವ ಬಗೆ

ವಸ್ತುವಿನ ಮೇಲೆ ಇಸವಿ ಅಪರೂಪಕ್ಕೆ ಇರುತ್ತದೆ. ಆದರೆ ವಿಳಾಸ, ಬೆಲೆ, ಅಳತೆ ಇವು ಸುಳಿವು ಕೊಡುತ್ತವೆ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅಥವಾ ಅದರ ಆಸುಪಾಸಿನದು. ‘ನಯೇ ಪೈಸೆ’ ಎಂದಿದ್ದರೆ ಕಾಲ ಇನ್ನೂ ಖಚಿತ. ಆ ಹೆಸರು 1957ರಿಂದ 1964ರವರೆಗೆ ಮಾತ್ರ ಚಲಾವಣೆಯಲ್ಲಿತ್ತು. ಆರು ಅಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅದಿದ್ದ ಚೀಟಿ ಎಷ್ಟೇ ಮಾಸಿದ್ದರೂ ಅದಕ್ಕಿಂತ ಹಳೆಯದಲ್ಲ. ‘ಮೈಸೂರು ರಾಜ್ಯ’ ಎಂಬುದು 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಹುಟ್ಟಿದ್ದು 1986ರಲ್ಲಿ. ಆದ್ದರಿಂದ ಹೊಸಕೋಟೆಯ ವಿಳಾಸದಲ್ಲಿ ಆ ಹೆಸರಿದ್ದರೆ ‘ಬ್ರಿಟಿಷರ ಕಾಲದ್ದು’ ಎಂಬ ಮಾತು ನಂಬಲು ಯೋಗ್ಯವಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ವ್ಯಾಪಾರಿಗಳು ಹಳೆಯ ಚೀಟಿಗಳು ಖರ್ಚಾಗುವವರೆಗೂ ಬಳಸುತ್ತಿದ್ದರು. ಹೊಸ ಗುರುತು ಇದ್ದರೆ ವಸ್ತು ಹಳೆಯದಲ್ಲವೆಂದು ಹೇಳಬಹುದೇ ಹೊರತು ಹಳೆಯ ಗುರುತು ಇದ್ದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು.

ಎನಾಮೆಲ್ ಫಲಕದ ಪರೀಕ್ಷೆ ಕೈಯಿಂದ ಆರಂಭವಾಗುತ್ತದೆ. ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿಯ ಲೇಪ ಬಳಿದು ಕುಲುಮೆಯಲ್ಲಿ ಬೇಯಿಸಿ, ಪ್ರತಿ ಬಣ್ಣಕ್ಕೂ ಮತ್ತೆ ಲೇಪ, ಮತ್ತೆ ಬೇಯಿಸುವುದು ಇದರ ತಯಾರಿಕಾ ಕ್ರಮ. ಆದುದರಿಂದ ಅಕ್ಷರದ ಅಂಚಿನ ಮೇಲೆ ಉಗುರು ಎಳೆದರೆ ತೆಳುವಾದ ಮೆಟ್ಟಿಲು ತಗಲುತ್ತದೆ. ಫಲಕ ತೂಕವಾಗಿರುತ್ತದೆ, ಹಿಂಬದಿಗೂ ಕಪ್ಪು ಅಥವಾ ಕಡುಬಣ್ಣದ ಲೇಪವಿರುತ್ತದೆ. ಮೊಳೆಯ ತೂತಿನ ಸುತ್ತ ಗಾಜು ಸಿಡಿದು, ಅಲ್ಲಿ ತುಕ್ಕು ಗಾಢ ಕಂದುಬಣ್ಣಕ್ಕೆ ತಿರುಗಿರುತ್ತದೆ. ನಕಲಿಯಲ್ಲಿ ತಗಡು ತೆಳ್ಳಗೆ, ಬಣ್ಣ ಸಪಾಟು. ಆಮ್ಲ ಹಚ್ಚಿ ತರಿಸಿದ ತುಕ್ಕು ಎಲ್ಲೆಡೆ ಒಂದೇ ಸಮನೆ ಕಿತ್ತಳೆ ಬಣ್ಣದಲ್ಲಿರುತ್ತದೆ.

ಕನ್ನಡ ಬಲ್ಲವರಿಗೆ ಇನ್ನೊಂದು ಸಾಧನವಿದೆ. ಹಳೆಯ ಫಲಕಗಳ ಅಕ್ಷರಗಳನ್ನು ಕಲಾವಿದರು ಕೈಯಲ್ಲಿ ಬರೆದು ಅಚ್ಚು ಕತ್ತರಿಸುತ್ತಿದ್ದರು. ಒಂದೇ ಫಲಕದ ಎರಡು ‘ರ’ಕಾರಗಳು ಕೂಡ ತುಸು ಬೇರೆಯಾಗಿ ಕಾಣುತ್ತವೆ. 1990ರ ದಶಕದಿಂದೀಚೆಗೆ ಬಂದ ಬರಹ, ನುಡಿ ತಂತ್ರಾಂಶಗಳ ಅಕ್ಷರರೂಪ ‘1930ರ ಫಲಕ’ದಲ್ಲಿ ಕಂಡುಬಂದರೆ ಮುಂದಿನ ಪರೀಕ್ಷೆಯೇ ಬೇಡ. ಒತ್ತಕ್ಷರ ತಪ್ಪಿದ್ದರೂ ಅನುಮಾನಿಸಬೇಕು. ತನ್ನ ಸರಕಿನ ಹೆಸರನ್ನೇ ತಪ್ಪಾಗಿ ಬರೆಸಿ ನಾಡಿನುದ್ದಕ್ಕೂ ಹಂಚುವ ಕಂಪನಿ ಕಡಿಮೆ.

ನಕಲಿಯ ಹಾವಳಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಪ್ರಸಿದ್ಧ. 1960ರ ದಶಕದಲ್ಲಿ ವೆಲ್ಸ್ ಫಾರ್ಗೊ ಮತ್ತಿತರ ಹೆಸರುಗಳಿದ್ದ, ಟಿಫನಿ ಸಂಸ್ಥೆಯ ಮುದ್ರೆ ಹೊತ್ತ ‘ಗಡಿನಾಡಿನ’ ಹಿತ್ತಾಳೆ ಸೊಂಟಪಟ್ಟಿ ಬಿಲ್ಲೆಗಳು ಪೇಟೆಗೆ ಬಂದವು. ಸಂಶಯ ಪಟ್ಟವರಿಗೆ ತೋರಿಸಲು 1950ರ ಇಸವಿ ಹಾಕಿದ ಪುಸ್ತಕವೊಂದಿತ್ತು. ಅದರಲ್ಲಿ ಈ ಬಿಲ್ಲೆಗಳ ಚಿತ್ರ, ವಿವರ ಎಲ್ಲವೂ ಇದ್ದವು. ಬಿಲ್ಲೆಯಷ್ಟೇ ಅಲ್ಲ, ಪುಸ್ತಕವೂ ನಕಲಿಯೆಂದು ಸಂಶೋಧಕರು ತೋರಿಸಿಕೊಟ್ಟರು. ಆ ಬಿಲ್ಲೆಗಳು ಇಂದಿಗೂ ಕೈಬದಲಾಗುತ್ತಿವೆ.

ಕಾನೂನು ಏನು ಹೇಳುತ್ತದೆ

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು. 1916-18ರ ಕಾಲದ ವಸ್ತುಗಳು ಈಗ ನೂರರ ಗೆರೆ ದಾಟಿರುವುದರಿಂದ ಸಾಬೂನು, ಬಿಯರ್ ಸಂಗ್ರಾಹಕರಿಗೂ ಈ ಮಾತು ಹೊಸದಾಗಿ ಅನ್ವಯಿಸಬಹುದು. ಸಂದೇಹವಿದ್ದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪರಿಣತರಿಂದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಅಂಗಡಿಯ ಫಲಕವನ್ನು ಕಳುಹಿಸಬಯಸುವವರು ಮೊದಲು ಇದನ್ನು ವಿಚಾರಿಸಿಕೊಳ್ಳುವುದು ಒಳಿತು. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯ ಚೀಟಿ ಹೊತ್ತ ಹುಲಿಚರ್ಮ, ಕಾಟಿಯ ಕೊಂಬು ಅಥವಾ ದಂತದ ಕಾಣಿಕೆಗಳ ಮೇಲೆ ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಿಡಿತವಿದೆ. ಅಂಥವುಗಳ ತಂಟೆಗೆ ಹೋಗದಿರುವುದೇ ಕ್ಷೇಮ.

ಜೋಪಾನ, ದಾಖಲೆ

ಫಲಕವನ್ನು ಫಳಫಳಿಸುವಂತೆ ಮಾಡುವ ಆತುರದಲ್ಲೇ ಹೆಚ್ಚು ಹಾನಿ ನಡೆಯುತ್ತದೆ. ತಂತಿ ಉಜ್ಜುವಿಕೆ, ಆಮ್ಲ, ಹೊಸ ಬಣ್ಣ ಮೂರೂ ವರ್ಜ್ಯ. ಮೃದು ಸಾಬೂನು ನೀರು, ಹತ್ತಿ ಬಟ್ಟೆ, ಚೆನ್ನಾಗಿ ಒಣಗಿಸುವುದು ಇಷ್ಟೇ ಸಾಕು. ಕಾಗದದ ಚೀಟಿ, ಕ್ಯಾಲೆಂಡರುಗಳಿಗೆ ಬಿಸಿಲು ಮತ್ತು ಅಂಟುಪಟ್ಟಿ ಶತ್ರುಗಳು. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು.

ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಹಳೇ ಸಾಮಾನಿನ ಸಂತೆ, ಜಾಲಿ ಮೊಹಲ್ಲಾದ ಗುಜರಿ ಸಾಲುಗಳು ಹುಡುಕಾಟಕ್ಕೆ ಹೆಸರಾದ ತಾಣಗಳು. ಕೊಳ್ಳುವ ಮುನ್ನ ಕಣ್ಣು ಪಳಗಿಸಿಕೊಳ್ಳಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗಳನ್ನು ನೋಡಬಹುದು.

ಮಾರುವ ಅಥವಾ ಕೊಡುವ ಮನೆಯವರು ಒಂದು ಕೆಲಸ ಮಾಡಿದರೆ ಸಂಗ್ರಹಕ್ಕೆ ದೊಡ್ಡ ಉಪಕಾರವಾಗುತ್ತದೆ. ಫಲಕವನ್ನು ಗೋಡೆಯಿಂದ ಕೀಳುವ ಮೊದಲು ಅಂಗಡಿಯ ಸಮೇತ ಒಂದು ಛಾಯಾಚಿತ್ರ ತೆಗೆಯುವುದು, ಊರು, ಬೀದಿ, ಅಂಗಡಿಯ ಹೆಸರು, ಅಲ್ಲಿ ಏನು ಮಾರುತ್ತಿದ್ದರು, ಯಾವ ವರ್ಷ ಮುಚ್ಚಿತು ಎಂಬುದನ್ನು ಪೆನ್ಸಿಲಿನಲ್ಲಿ ಒಂದು ರಟ್ಟಿನ ಚೀಟಿಯ ಮೇಲೆ ಬರೆದು ದಾರದಿಂದ ಫಲಕದ ತೂತಿಗೆ ಕಟ್ಟುವುದು. ಶಾಯಿಯ ಪೆನ್ನು ಬೇಡ. ತೇವ ತಾಗಿದರೆ ಅದು ಹರಡುತ್ತದೆ.