ಗಾಜಿನ ಹಿಂದಿನ ಚೀಟಿ

ಬ್ಯಾಂಕಿಗೆ ಹಣ ಕಟ್ಟಿದರೆ ರಸೀದಿ ಸಿಗುತ್ತದೆ. ನಾಳೆ ಲೆಕ್ಕ ತಪ್ಪಿದರೆ ಅದನ್ನು ಹಿಡಿದು ಕೇಳಬಹುದು. ಮತಕ್ಕೆ ಹಾಗೆ ರಸೀದಿ ಕೊಡುವಂತಿಲ್ಲ. ಯಾರಿಗೆ ಹಾಕಿದೆ ಎಂದು ತೋರಿಸುವ ಕಾಗದ ಮತದಾರನ ಕೈಗೆ ಬಂದರೆ, ಅದನ್ನು ನೋಡಿ ದುಡ್ಡು ಕೊಡುವವರೂ ಬೆದರಿಸುವವರೂ ಮತಗಟ್ಟೆಯ ಹೊರಗೆ ಕಾಯುತ್ತಾರೆ. ಮತ ಗುಟ್ಟಾಗಿರಬೇಕು, ಆದರೂ ಎಣಿಕೆ ಸರಿಯಾಗಿದೆ ಎಂದು ಸೋತವರಿಗೂ ಮನವರಿಕೆಯಾಗಬೇಕು. ಕಂಪ್ಯೂಟರ್ ವಿಜ್ಞಾನಿಗಳು ನಾಲ್ಕು ದಶಕಗಳಿಂದ ಬಿಡಿಸಲು ಹೆಣಗುತ್ತಿರುವ ಗಂಟು ಇದು.

ನಮ್ಮಲ್ಲಿ ಈ ಜಗಳ ಯಂತ್ರದಷ್ಟೇ ಹಳೆಯದು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ವಿದ್ಯುನ್ಮಾನ ಮತಯಂತ್ರ ಬಳಸಿದರು. ಸಿಪಿಐನ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಆ ಫಲಿತಾಂಶವನ್ನು ರದ್ದುಮಾಡಿತು. ಯಂತ್ರ ಕೆಟ್ಟಿದೆ ಎಂದಲ್ಲ, ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು. ಮರುಮತದಾನದಲ್ಲಿ ಜೋಸ್ ಗೆದ್ದರು. ಮುಂದೆ ಕಾನೂನು ತಿದ್ದುಪಡಿಯಾಯಿತು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಯಂತ್ರಗಳು 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಕ್ಷೇತ್ರಗಳನ್ನೂ ತಲುಪಿದವು.

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಮರ್ಕ್ಯೂರಿ 2000ದಲ್ಲಿ, ಬುಷ್-ಗೋರ್ ಚುನಾವಣೆಯ ಮುನ್ನಾದಿನಗಳಲ್ಲಿ, ಪಿಎಚ್.ಡಿ. ಪ್ರಬಂಧ ಮುಗಿಸಿದರು. ಅವರು ಸೂಚಿಸಿದ ಪರಿಹಾರ ಸರಳವಾಗಿತ್ತು: ಯಂತ್ರ ಒಂದು ಚೀಟಿ ಮುದ್ರಿಸಲಿ, ಮತದಾರ ಅದನ್ನು ಗಾಜಿನ ಹಿಂದೆ ನೋಡಲಿ, ಮುಟ್ಟದಿರಲಿ, ಚೀಟಿ ಪೆಟ್ಟಿಗೆಗೆ ಬೀಳಲಿ. ರಸೀದಿ ಇದೆ, ಆದರೆ ಮನೆಗೆ ಒಯ್ಯುವಂತಿಲ್ಲ. 2006ರಲ್ಲಿ ಎಂಐಟಿಯ ರೊನಾಲ್ಡ್ ರಿವೆಸ್ಟ್ ಮತ್ತು ಜಾನ್ ವ್ಯಾಕ್ ಇದರ ಹಿಂದಿನ ತತ್ವಕ್ಕೆ ಖಚಿತ ರೂಪ ಕೊಟ್ಟರು: ಸಾಫ್ಟ್‌ವೇರಿನಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪಿದ್ದರೂ, ಫಲಿತಾಂಶದಲ್ಲಿ ಯಾರಿಗೂ ಪತ್ತೆಯಾಗದ ಬದಲಾವಣೆ ಆಗಬಾರದು.

2010ರಲ್ಲಿ ಈ ಚರ್ಚೆ ನಮ್ಮ ಅಂಗಳಕ್ಕೇ ಬಂತು. ಹೈದರಾಬಾದಿನ ತಂತ್ರಜ್ಞ ಹರಿ ಪ್ರಸಾದ್, ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡ್ಸಿನ ರಾಪ್ ಹಾಂಗ್ರೈಪ್ ಮತ್ತು ಸಂಗಡಿಗರು ಭಾರತದ ಒಂದು ಮತಯಂತ್ರವನ್ನು ಬಿಚ್ಚಿ ನೋಡಿದರು. ಅಂಕಿ ತೋರಿಸುವ ಫಲಕವನ್ನು ಬದಲಿಸಿ, ಮೊಬೈಲ್ ಮೂಲಕ ಸುಳ್ಳು ಲೆಕ್ಕ ತೋರಿಸಬಹುದೆಂದು ಮಾಡಿ ತೋರಿಸಿದರು. ಮೆಮೊರಿ ಚಿಪ್ಪಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಪುಟ್ಟ ಸಾಧನದಿಂದ ದಾಖಲಾದ ಮತಗಳನ್ನೇ ಬದಲಿಸಬಹುದೆಂದೂ ತೋರಿಸಿದರು. ಎರಡಕ್ಕೂ ಯಂತ್ರ ಕೈಗೆ ಸಿಗಬೇಕು. ಚುನಾವಣಾ ಆಯೋಗ ಹಿಡಿದದ್ದು ಇದೇ ಅಂಶವನ್ನು: ಮೊಹರು, ಕಾವಲು, ಪಕ್ಷಗಳ ಏಜೆಂಟರ ಕಣ್ಣು ಇರುವಾಗ ಯಂತ್ರ ಯಾರ ಕೈಗೆ ಸಿಗುತ್ತದೆ? ಸಂಶೋಧಕರ ಮಾತು ಬೇರೆ: ಕಾವಲು ತಪ್ಪಿದ್ದರೆ ಅದು ಗೊತ್ತಾಗುವುದು ಹೇಗೆ?

ಆ ಯಂತ್ರ ಮುಂಬೈಯ ಸರ್ಕಾರಿ ಉಗ್ರಾಣದ್ದು, ಕಳುವಾದದ್ದು ಎಂಬ ದೂರಿನ ಮೇಲೆ ಆಗಸ್ಟ್ 21ರಂದು ಪೊಲೀಸರು ಹರಿ ಪ್ರಸಾದರನ್ನು ಹೈದರಾಬಾದಿನಲ್ಲಿ ಬಂಧಿಸಿ ಮುಂಬೈಗೆ ಕರೆದೊಯ್ದರು. ಯಂತ್ರ ಕೊಟ್ಟವರ ಹೆಸರನ್ನು ಅವರು ಹೇಳಲಿಲ್ಲ. ಒಂದು ವಾರದ ನಂತರ ಜಾಮೀನು ಸಿಕ್ಕಿತು. ಅಧ್ಯಯನಕ್ಕೆಂದು ಸಂಶೋಧಕರಿಗೆ ಯಂತ್ರ ಕೊಡುವ ದಾರಿಯೊಂದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ.

ಮೂರೇ ವರ್ಷಗಳಲ್ಲಿ ಗಾಜಿನ ಹಿಂದಿನ ಚೀಟಿ ಭಾರತಕ್ಕೂ ಬಂತು. 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಮೊದಲು ಬಳಕೆಯಾಯಿತು. ಅದನ್ನು ಹಂತಹಂತವಾಗಿ ಎಲ್ಲೆಡೆ ತರಬೇಕೆಂದು ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈಗ ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ನಮ್ಮ ಕಣ್ಣೆದುರಿಗಿರುವುದು ಮರ್ಕ್ಯೂರಿ ಸೂಚಿಸಿದಂಥದೇ ಚೀಟಿ.

ಚೀಟಿ ಬಂತು, ಎಷ್ಟು ಎಣಿಸಬೇಕು ಎಂಬ ಪ್ರಶ್ನೆ ಉಳಿಯಿತು. 2019ರಲ್ಲಿ ಸುಪ್ರೀಂ ಕೋರ್ಟು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳು ಎಂದಿತು. 2024ರ ಏಪ್ರಿಲ್ 26ರಂದು ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿತು. ಎರಡನೆಯ, ಮೂರನೆಯ ಸ್ಥಾನ ಪಡೆದವರು ಕೇಳಿದರೆ ಶೇಕಡಾ 5ರಷ್ಟು ಯಂತ್ರಗಳ ಮೆಮೊರಿ ಪರೀಕ್ಷಿಸಲು ದಾರಿ ತೆರೆಯಿತು. ಬರ್ಕ್‌ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ 2008ರ ಸುಮಾರಿಗೇ ಇದಕ್ಕೆ ಇನ್ನೊಂದು ಉತ್ತರ ಕೊಟ್ಟಿದ್ದರು: ಎಣಿಸುವ ಪ್ರಮಾಣ ಗೆಲುವಿನ ಅಂತರವನ್ನು ಅವಲಂಬಿಸಲಿ. ಅಂತರ ದೊಡ್ಡದಿದ್ದರೆ ಕೆಲವೇ ಚೀಟಿ ಸಾಕು. ಕೂದಲೆಳೆಯಷ್ಟಿದ್ದರೆ ಬಹುಪಾಲು ಎಣಿಸಬೇಕು, ಬೇಕಾದರೆ ಪೂರ್ತಿ. ಅಮೆರಿಕದ ಕೊಲರಾಡೊ 2017ರಿಂದ ರಾಜ್ಯದಾದ್ಯಂತ ಈ ಪದ್ಧತಿ ನಡೆಸುತ್ತಿದೆ.

ನಮ್ಮ ಐದು ಮತಗಟ್ಟೆಗಳ ನಿಯಮಕ್ಕೆ ಒಂದು ಲಕ್ಷ ಮತಗಳ ಗೆಲುವೂ ಒಂದೇ, ಪರವೂರಿನ 123 ಮತಗಳ ಗೆಲುವೂ ಒಂದೇ. ಚೀಟಿಗಳಂತೂ ಪೆಟ್ಟಿಗೆಯಲ್ಲಿವೆ. ಅಂತರ ನೋಡಿ ಅವನ್ನು ಎಣಿಸಲು ಹೊಸ ಯಂತ್ರವೇನೂ ಬೇಕಿಲ್ಲ.