ಉತ್ತರ ಬೆಂಗಳೂರಿಗೆ ಶಾಲಾ ಡರ್ಬಿ ಏಕೆ ಹುಟ್ಟಲಿಲ್ಲ?

2018ರ ಜನವರಿಯಲ್ಲಿ ಯಲಹಂಕ ನ್ಯೂ ಟೌನಿನ ಮಲ್ಯ ಅದಿತಿ ಶಾಲೆಯ ಹುಡುಗರು ರಾಜ್ಯ ಕ್ರಿಕೆಟ್ ಸಂಸ್ಥೆಯ 14 ವರ್ಷದೊಳಗಿನವರ ಬಿ.ಟಿ.ಆರ್. ಕಪ್ ಪಂದ್ಯವೊಂದರಲ್ಲಿ 50 ಓವರುಗಳಿಗೆ 5 ವಿಕೆಟ್ ಕಳೆದುಕೊಂಡು 500 ರನ್ ಹೊಡೆದರು. ರಾಹುಲ್ ದ್ರಾವಿಡ್ ಅವರ ಮಗ ಸಮಿತ್ 150, ಸುನಿಲ್ ಜೋಶಿ ಅವರ ಮಗ 154. ಎದುರಾಳಿ ತಂಡ 88ಕ್ಕೆ ಆಲೌಟ್ ಆಯಿತು. ಗೆಲುವಿನ ಅಂತರ 412 ರನ್. ದೇಶದ ಪತ್ರಿಕೆಗಳೆಲ್ಲ ಅದನ್ನು ಅಚ್ಚು ಹಾಕಿದ್ದಕ್ಕೆ ಅಪ್ಪಂದಿರ ಹೆಸರು ಕಾರಣ ಎಂಬುದು ನಿಜ. ಆದರೆ ಅಚ್ಚು ಹಾಕಲು ಅಂಕಿಯೊಂದು ಕೈಗೆ ಸಿಕ್ಕಿತಲ್ಲ, ಅದಕ್ಕೆ ಕಾರಣ ಬೇರೆ. ಒಂದು ಸಂಸ್ಥೆ ಶಾಲೆಗಳನ್ನು ಸೇರಿಸಿ ಆಡಿಸುತ್ತದೆ, ಸ್ಕೋರರ್ ಕೂತು ಬರೆಯುತ್ತಾನೆ, ಬರೆದದ್ದು ಉಳಿಯುತ್ತದೆ.

ಅದೇ ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಯಶವಂತಪುರದಲ್ಲಿ, ಆರ್.ಟಿ. ನಗರದಲ್ಲಿ ಸಂಜೆ ನಾಲ್ಕರ ಗಂಟೆ ಹೊಡೆದ ಮೇಲೆ ಹುಡುಗರು ಆಡುವುದು ಫುಟ್‌ಬಾಲನ್ನೂ ಹೌದು. ಆದರೂ ಈ ಭಾಗದಲ್ಲಿ ‘ಆ ಶಾಲೆಗೂ ಈ ಶಾಲೆಗೂ ಜಿದ್ದು’ ಎಂದು ಊರೆಲ್ಲ ಮಾತಾಡುವ ಜೋಡಿ ಬೆಳೆಯಲಿಲ್ಲ. ಫುಟ್‌ಬಾಲಿನಲ್ಲಿ ದೇಶಕ್ಕೇ ಹೆಸರಾಗಿದ್ದ ನಗರದ ಒಂದು ದಿಕ್ಕಿಗೆ ಹೀಗೇಕಾಯಿತು ಎಂಬುದು ಈ ಲೇಖನದ ಪ್ರಶ್ನೆ.

ಬೇರೆಡೆ ಇಂಥ ಜೋಡಿಗಳು ಹೇಗೆ ಬೆಳೆದವು ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ಬಾಸ್ಟನ್ ನಗರದಲ್ಲಿ ಲ್ಯಾಟಿನ್ ಶಾಲೆಯೂ ಇಂಗ್ಲಿಷ್ ಹೈಸ್ಕೂಲೂ 1887ರಿಂದ ಎದುರಾಗುತ್ತ ಬಂದಿವೆ. ಅವರ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವ ಆಟ, ನಮ್ಮದಲ್ಲ. ಇನ್ನೂ ಹತ್ತಿರ ಬಂದರೆ ಕೊಲಂಬೊದ ರಾಯಲ್ ಮತ್ತು ಸೇಂಟ್ ಥಾಮಸ್ ಶಾಲೆಗಳ ಕ್ರಿಕೆಟ್ ಪಂದ್ಯ 1879ರಲ್ಲಿ ಶುರುವಾದದ್ದು, ಮಹಾಯುದ್ಧಗಳ ಕಾಲದಲ್ಲೂ ನಿಲ್ಲಲಿಲ್ಲ. ಆಟ ಯಾವುದಾದರೂ ಎರಡೂ ಕಡೆ ಸಮಾನವಾದದ್ದು ಒಂದಿದೆ: ಎದುರಾಳಿ ಬದಲಾಗುವುದಿಲ್ಲ, ಪಂದ್ಯದ ಕಾಲ ಬದಲಾಗುವುದಿಲ್ಲ. ಈ ವರ್ಷ ಸೋತವನಿಗೆ ಮುಂದಿನ ವರ್ಷ ಅವನೇ ಸಿಗುತ್ತಾನೆಂಬ ಖಾತ್ರಿ ಇರುತ್ತದೆ. ಜಿದ್ದು ಬೆಳೆಯುವುದು ಆ ಖಾತ್ರಿಯಿಂದ.

ಬೆಂಗಳೂರಿಗೆ ಜಿದ್ದು ಗೊತ್ತಿರಲಿಲ್ಲವೆಂದಲ್ಲ. ಬ್ರಿಟಿಷರ ದಂಡು ಪ್ರದೇಶದಲ್ಲಿ ಸೈನಿಕರಿಂದ ಕಲಿತ ಆಟವನ್ನು ಇಲ್ಲಿಯ ಹುಡುಗರು ಬರಿಗಾಲಲ್ಲಿ ಆಡಿ ತಮ್ಮದಾಗಿಸಿಕೊಂಡರು. 1891ರಲ್ಲಿ ಶುರುವಾದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರವರೆಗೆ ಭಾರತೀಯ ತಂಡ ಯಾವುದೂ ಎತ್ತಿರಲಿಲ್ಲ. ಆ ವರ್ಷ ಅದನ್ನು ಮೊದಲು ಎತ್ತಿದ್ದು ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಸೋತದ್ದು ಆ ದಶಕದಲ್ಲಿ ಕಲ್ಕತ್ತೆಯ ಲೀಗನ್ನು ಸತತವಾಗಿ ಐದು ಸಲ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲೂ ಬೆಂಗಳೂರಿನ ತಂಡವೇ ಗೆದ್ದಿತು, 1948ರಲ್ಲಿ ಮತ್ತೊಮ್ಮೆ.

ಸಂತೋಷ್ ಟ್ರೋಫಿಯ ದಾಖಲೆ ಇನ್ನೂ ಸೊಗಸಾಗಿದೆ. ಮೈಸೂರು ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕೂ ಫೈನಲುಗಳಲ್ಲಿ ಎದುರಿಗಿದ್ದದ್ದು ಬಂಗಾಳ. ಒಂದೇ ಎದುರಾಳಿಯನ್ನು ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ನಾಲ್ಕು ಬಾರಿ ಕೊನೆಯ ಮೆಟ್ಟಿಲಲ್ಲಿ ಕೆಡವಿದ ಈ ಕಥೆ ನಮ್ಮ ಶಾಲಾ ಪಠ್ಯಗಳಲ್ಲಿ ಒಂದು ಸಾಲಿನಷ್ಟಾದರೂ ಇರಬೇಕಿತ್ತು. ಐದನೆಯ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ಆಟಗಾರರನ್ನು ಲೆಕ್ಕ ಹಾಕಿದರೂ ಅಷ್ಟೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ಆ ಒಂದು ಗೋಲನ್ನು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲನ್ನು, ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ‘ಪಂಚ ಪಾಂಡವ’ರೆಂದು ಕಲ್ಕತ್ತೆ ಕೊಂಡಾಡಿದ ಐವರು ಮುನ್ಪಡೆಯವರಲ್ಲಿ ಒಬ್ಬರಾದರು, ಧನರಾಜ್ ಇನ್ನೊಬ್ಬರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು.

ಇವರೆಲ್ಲ ಬೆಳೆದ ಬೆಂಗಳೂರು ಯಾವುದು? ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಬೆಂಗಳೂರು. ಯಲಹಂಕ ಆಗ ಹಳ್ಳಿ; ಕೆಂಪೇಗೌಡರ ವಂಶದ ಮೂಲ ನೆಲೆ ಎಂಬ ಕೀರ್ತಿ ಇದ್ದರೂ ನಗರಕ್ಕೆ ದೂರ. ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದೇ 2007ರಲ್ಲಿ. ದಂಡಿನ ಸುತ್ತಮುತ್ತ ಆಟಕ್ಕೆ ಬಯಲು ಸಿಕ್ಕಿದ ಬಗೆಯೂ ಬೇರೆ. ಶೂಲೆ ಕೆರೆ ಬತ್ತಿದ ಅಂಗಳ ಫುಟ್‌ಬಾಲ್ ಕ್ರೀಡಾಂಗಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಎದ್ದಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಕೆರೆ ಕಳೆದುಕೊಂಡ ದುಃಖ ನಗರಕ್ಕೆ ಇಂದಿಗೂ ಇದೆ, ಇರಲೇಬೇಕು. ಆದರೆ ಸುತ್ತಲಿನ ಬಡಾವಣೆಗಳ ಹುಡುಗರು ಒಂದೇ ಕಡೆ ಸೇರುವ ಅಂಗಳಗಳು ಅಲ್ಲಿ ಹುಟ್ಟಿದವು. ಗೌತಮಪುರದವರು ತಮ್ಮ ಬೀದಿಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಆ ಬೀದಿಗಳಲ್ಲಿ ಒಬ್ಬ ಹುಡುಗ ಯಾವ ಶಾಲೆಯವನು ಎಂಬುದಕ್ಕಿಂತ ಯಾವ ಗಲ್ಲಿಯವನು ಎಂಬುದೇ ಮೊದಲ ಪ್ರಶ್ನೆ.

ಉತ್ತರದಲ್ಲಿ ಬಯಲುಗಳಿಗೆ ಕೊರತೆ ಇರಲಿಲ್ಲ. ಅವೆಲ್ಲ ಕಾಂಪೌಂಡಿನ ಒಳಗಿದ್ದವು. ಯಶವಂತಪುರದ ಮಗ್ಗುಲಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1963ರಲ್ಲಿ ಯಲಹಂಕದ ವಾಯುಸೇನಾ ನೆಲೆ, ಮರುವರ್ಷ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ, 1984ರಲ್ಲಿ ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ. ಒಂದೊಂದಕ್ಕೂ ಗೇಟು, ಪಾಸು, ಕಾವಲು. ಒಳಗೆ ಹಸಿರು ಮೈದಾನ, ಕ್ವಾರ್ಟರ್ಸಿನ ಮಕ್ಕಳು. ಗೇಟಿನಾಚೆಯ ಹಳ್ಳಿಯ ಹುಡುಗನಿಗೆ ಆ ಮೈದಾನ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ.

ಈ ಸಂಸ್ಥೆಗಳು ಆಟಕ್ಕೆ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯ. ಬೆಂಗಳೂರಿನ ಲೀಗನ್ನು ದಶಕಗಟ್ಟಲೆ ಹೊತ್ತು ನಿಂತದ್ದೇ ಕಾರ್ಖಾನೆ ಮತ್ತು ಇಲಾಖೆಗಳ ತಂಡಗಳು: ಎಚ್‌ಎಎಲ್, ಐಟಿಐ, ಎಂಇಜಿ, ಸಿಐಎಲ್, ಎಡಿಇ. ರೈಲು ಗಾಲಿ ಕಾರ್ಖಾನೆ ಎಂಬ ಹೊಸ ಹೆಸರು ಪಡೆದ ಯಲಹಂಕದ ಸಂಸ್ಥೆ ಆರ್‌ಡಬ್ಲ್ಯುಎಫ್ ಎಂದು ಸೂಪರ್ ಡಿವಿಷನ್ನಿನಲ್ಲಿ ತಂಡ ಇಳಿಸಿತು. ಚೆಂಡು ಒದೆಯಬಲ್ಲ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಖಾಯಂ ಕೆಲಸ ಸಿಗುತ್ತಿತ್ತು. ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. ಎಚ್‌ಎಎಲ್ ಮತ್ತು ಐಟಿಐ ಎದುರಾದರೆ ಎರಡೂ ಕಾರ್ಖಾನೆಗಳ ಕಾರ್ಮಿಕರು ನೋಡಲು ಬರುತ್ತಿದ್ದರು. ಲೀಗ್ ಇದ್ದುದರಿಂದ ಅವರು ಮತ್ತೆ ಮತ್ತೆ ಎದುರಾಗುತ್ತಿದ್ದರು, ಎದುರಾದ ಫಲಿತಾಂಶ ಪಟ್ಟಿಯಲ್ಲಿ ಉಳಿಯುತ್ತಿತ್ತು. ಬೆಂಗಳೂರಿನ ಫುಟ್‌ಬಾಲ್ ದಾಖಲೆ ಎಂದರೆ ಮುಖ್ಯವಾಗಿ ಈ ದೊಡ್ಡವರ ದಾಖಲೆ.

ಶಾಲೆಗಳ ವಿಷಯಕ್ಕೆ ಬಂದರೆ ತೊಡಕು ಮೈದಾನದಿಂದಾಚೆ, ಏಣಿಗಳಲ್ಲಿದೆ. ಸರ್ಕಾರಿ ಹೈಸ್ಕೂಲಿನ ತಂಡ ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಆಡುತ್ತದೆ: ಮೊದಲು ಹೋಬಳಿ ಅಥವಾ ವಲಯ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕೇಂದ್ರೀಯ ವಿದ್ಯಾಲಯಗಳಿಗೆ ತಮ್ಮದೇ ಸಂಘಟನೆಯ ಪ್ರಾದೇಶಿಕ ಮತ್ತು ರಾಷ್ಟ್ರೀಯ ಕೂಟಗಳಿವೆ. ಸಿಬಿಎಸ್‌ಇ ಶಾಲೆಗಳಿಗೆ ಕ್ಲಸ್ಟರ್ ಪಂದ್ಯಗಳು. ಐಸಿಎಸ್‌ಇ ಶಾಲೆಗಳಿಗೆ ಮತ್ತೊಂದು ಸಾಲು. 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟದಲ್ಲಿ ರಾಜ್ಯಗಳಂತೆಯೇ ಕೇಂದ್ರೀಯ ವಿದ್ಯಾಲಯ ಸಂಘಟನೆಯೂ ಸಿಬಿಎಸ್‌ಇ ಮಂಡಳಿಯೂ ಪ್ರತ್ಯೇಕ ಘಟಕಗಳು.

ಇದರ ಪರಿಣಾಮ ಯಲಹಂಕದಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಒಂದಲ್ಲ, ಮೂರು ಕೇಂದ್ರೀಯ ವಿದ್ಯಾಲಯಗಳಿವೆ: ವಾಯುಸೇನೆಯದು, ಗಾಲಿ ಕಾರ್ಖಾನೆಯದು, ಸಿಆರ್‌ಪಿಎಫ್‌ನದು. ಹೆಬ್ಬಾಳದಲ್ಲಿ, ಜಾಲಹಳ್ಳಿಯಲ್ಲಿ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಬೇರೆಯವು. ಇವುಗಳ ಹುಡುಗರು ತಮ್ಮತಮ್ಮಲ್ಲಿ ಎದುರಾಗಬಹುದು; ರಸ್ತೆಯಾಚೆಯ ಸರ್ಕಾರಿ ಪ್ರೌಢಶಾಲೆಯನ್ನೋ ಪಕ್ಕದ ಬಡಾವಣೆಯ ಖಾಸಗಿ ಶಾಲೆಯನ್ನೋ ಎದುರಿಸಬೇಕಾದರೆ ಯಾರಾದರೂ ಆಹ್ವಾನ ಪಂದ್ಯಾವಳಿ ಏರ್ಪಡಿಸಬೇಕು. ಒಂದೇ ಬಸ್ ಸ್ಟಾಪಿನಲ್ಲಿ ನಿಲ್ಲುವ ಇಬ್ಬರು ಹುಡುಗರು ಬೇರೆ ಬೇರೆ ಏಣಿ ಹತ್ತುತ್ತ ಹತ್ತನೇ ತರಗತಿ ಮುಗಿಸುತ್ತಾರೆ, ಒಬ್ಬರ ಕಾಲು ಇನ್ನೊಬ್ಬರ ಚೆಂಡಿಗೆ ಒಮ್ಮೆಯೂ ತಾಗದೆ.

ಇನ್ನು ನಾಕೌಟ್ ಪದ್ಧತಿ. ಇಲಾಖೆಯ ಕೂಟಗಳಿಗೆ ದಿನಗಳು ಕಡಿಮೆ, ತಂಡಗಳು ಹೆಚ್ಚು. ಆದ್ದರಿಂದ ಸೋತವರು ಅಂದೇ ಮನೆಗೆ. ಪಿ.ಟಿ. ಮೇಷ್ಟ್ರು ಮಳೆಗಾಲದುದ್ದಕ್ಕೂ ತಯಾರು ಮಾಡಿದ ತಂಡ ಬೆಳಿಗ್ಗೆಯ ಒಂದು ಪಂದ್ಯಕ್ಕೆ ಮುಗಿದುಹೋಗಬಹುದು. ಗೆಲ್ಲುತ್ತ ಹೋದವರಿಗೂ ಒಂದು ನಷ್ಟವಿದೆ. ರಾಷ್ಟ್ರಮಟ್ಟಕ್ಕೆ ಹೋಗುವುದು ರಾಜ್ಯದ ತಂಡ; ಅಲ್ಲಿ ಶಾಲೆಯ ಹೆಸರು ಕಳಚಿಬೀಳುತ್ತದೆ. ಲೀಗ್ ಮಾತ್ರ ಸೋತ ತಂಡವನ್ನೂ ಮುಂದಿನ ವಾರಕ್ಕೆ ಉಳಿಸಿಕೊಳ್ಳುತ್ತದೆ, ಐದನೆಯ ಸ್ಥಾನ ಪಡೆದವರ ಗೋಲುಗಳನ್ನೂ ಬರೆದಿಡುತ್ತದೆ.

ಶಾಲೆಯ ಹೆಸರನ್ನು ಕೊನೆಯವರೆಗೂ ಉಳಿಸಿಕೊಡುವ ದೊಡ್ಡ ಪಂದ್ಯಾವಳಿ ಸುಬ್ರತೊ ಕಪ್. ಭಾರತೀಯ ವಾಯುಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೊ ಮುಖರ್ಜಿ ಅವರ ಆಸೆಯಂತೆ 1960ರಲ್ಲಿ ದೆಹಲಿಯಲ್ಲಿ ಶುರುವಾದದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಟೋಕಿಯೊದಲ್ಲಿ ತೀರಿಕೊಂಡರು. ಹುಡುಗಿಯರ ವಿಭಾಗ ಬಂದದ್ದು 2012ರಲ್ಲಿ, ಅಂದರೆ ಅರ್ಧ ಶತಮಾನ ತಡವಾಗಿ. ಇಲ್ಲಿ ರಾಜ್ಯದ ಪರವಾಗಿ ಆಡುವುದು ಆಯ್ದ ಹುಡುಗರ ತಂಡವಲ್ಲ, ಗೆದ್ದು ಬಂದ ಶಾಲೆಯೇ. ಈ ಕಪ್ಪನ್ನು ನಡೆಸುವ ವಾಯುಸೇನೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಇರುವುದು ಹೆಬ್ಬಾಳದಲ್ಲಿ, ಅದರ ದೊಡ್ಡ ನೆಲೆಯೊಂದು ಯಲಹಂಕದಲ್ಲಿ. ಉತ್ತರ ಬೆಂಗಳೂರಿನಷ್ಟು ಈ ಕಪ್ಪಿಗೆ ಹತ್ತಿರವಿರುವ ಪ್ರದೇಶ ರಾಜ್ಯದಲ್ಲಿ ಬೇರೊಂದಿಲ್ಲ. ಆ ನೆರೆಹೊರೆಯನ್ನು ನಮ್ಮ ಶಾಲೆಗಳು ಇನ್ನೂ ಬಳಸಿಕೊಳ್ಳಬೇಕಾಗಿದೆ.

ರಾಜ್ಯದ ಬೇರೆ ಊರುಗಳು ಈ ಕೊರತೆಯನ್ನು ತಮ್ಮ ಬಗೆಯಲ್ಲಿ ತುಂಬಿಕೊಂಡಿವೆ. ಬೆಳಗಾವಿಯ ಕ್ಯಾಂಪಿನಲ್ಲಿ 1856ರಷ್ಟು ಹಳೆಯದಾದ ಸೇಂಟ್ ಪಾಲ್ಸ್ ಹೈಸ್ಕೂಲಿದೆ. ಅದರ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ನೆನಪಿನಲ್ಲಿ ಅಂತರಶಾಲಾ ಫುಟ್‌ಬಾಲ್ ಪಂದ್ಯಾವಳಿಯನ್ನು ದಶಕಗಳಿಂದ ನಡೆಸುತ್ತ ಬಂದಿದ್ದಾರೆ. ಸರ್ಕಾರಿ, ಖಾಸಗಿ, ಆ ಮಂಡಳಿ, ಈ ಮಂಡಳಿ ಎಂಬ ಗೋಡೆ ಅಲ್ಲಿ ಇಲ್ಲ; ಊರಿನ ಶಾಲೆಯಾದರೆ ಸಾಕು. ಮಂಗಳೂರಿನ ನೆಹರೂ ಮೈದಾನದಲ್ಲಿ ಆಗಸ್ಟ್ ಬಂತೆಂದರೆ ಶಾಲಾ-ಕಾಲೇಜು ತಂಡಗಳಿಗೆ ಇಂಡಿಪೆಂಡೆನ್ಸ್ ಡೇ ಕಪ್ಪಿನ ಕಾಲ. ಕೊಡಗಿನವರು ಶಾಲೆಯನ್ನೂ ಬಿಟ್ಟು ಮನೆತನಗಳನ್ನೇ ತಂಡ ಮಾಡಿಕೊಂಡರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಯಾವ ಮನೆತನ ಯಾವ ವರ್ಷ ಯಾರನ್ನು ಸೋಲಿಸಿತು ಎಂಬುದನ್ನು ಜನ ಬಾಯಲ್ಲೇ ಹೇಳಬಲ್ಲರು. ಸರ್ಕಾರದ ಆದೇಶಕ್ಕೆ ಕಾಯದೆ ಜನರೇ ಒಂದು ವಾರ್ಷಿಕ ದಿನವನ್ನು ಗೊತ್ತುಮಾಡಿಕೊಂಡರೆ ದಾಖಲೆ ತಾನಾಗಿ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕರ್ನಾಟಕದಲ್ಲಿಲ್ಲ.

ಹಾಗಾದರೆ ಉತ್ತರ ಬೆಂಗಳೂರಿನ ಶಾಲಾ ಫುಟ್‌ಬಾಲಿನ ಚರಿತ್ರೆಯನ್ನು ಎಲ್ಲಿಂದ ಬರೆಯಬೇಕು? ಮೊದಲ ಆಕರ ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಕಪಾಟು. ರೋಲಿಂಗ್ ಶೀಲ್ಡುಗಳ ಮರದ ಹಲಗೆಗೆ ಸಣ್ಣ ಸಣ್ಣ ಲೋಹದ ಪಟ್ಟಿಗಳನ್ನು ಹೊಡೆದಿರುತ್ತಾರೆ. ವರ್ಷ, ಗೆದ್ದ ಶಾಲೆ, ಕೆಲವೊಮ್ಮೆ ನಾಯಕನ ಹೆಸರು. ಶಾಸನ ಓದುವವರು ಕಲ್ಲಿಗೆ ಕೊಡುವಷ್ಟು ಗಮನವನ್ನು ಈ ಪಟ್ಟಿಗಳಿಗೆ ಕೊಡಬೇಕು, ಏಕೆಂದರೆ ಬಣ್ಣ ಬಳಿಯುವಾಗ, ಕಟ್ಟಡ ಬದಲಾಯಿಸುವಾಗ ಮೊದಲು ಗುಜರಿಗೆ ಹೋಗುವುದು ಇವೇ. ಎರಡನೆಯದು ಶಾಲಾ ವಾರ್ಷಿಕ ಸಂಚಿಕೆಗಳ ಕ್ರೀಡಾ ವರದಿ. ಮೂರನೆಯದು ಪತ್ರಿಕೆ: 1948ರಲ್ಲಿ ಶುರುವಾದ ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್‌ನ ಹಳೆಯ ಕ್ರೀಡಾ ಪುಟಗಳು. ಇವೆಲ್ಲಕ್ಕಿಂತ ಮುಂಚೆ ಮಾತಾಡಿಸಬೇಕಾದವರು ನಿವೃತ್ತ ದೈಹಿಕ ಶಿಕ್ಷಕರು. ಯಾವ ಹುಡುಗನಿಗೆ ಎಡಗಾಲು ಚುರುಕಾಗಿತ್ತು, ಯಾವನು ಮನೆಯ ಬಡತನಕ್ಕೆ ಆಟ ಬಿಟ್ಟು ಗ್ಯಾರೇಜು ಸೇರಿದ ಎಂಬುದು ಅವರ ನೆನಪಿನಲ್ಲಿದೆ, ಕಾಗದದಲ್ಲಿಲ್ಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಮೇಲೆ ನಗರದ ಮಕ್ಕಳಿಗೆ ಮತ್ತೆ ಒಂದು ನೀಲಿ ಅಂಗಿ ಸಿಕ್ಕಿದೆ. ವಯೋಮಿತಿಯ ಲೀಗುಗಳೂ ನಡೆಯುತ್ತಿವೆ. ಆದರೆ ಅವುಗಳಲ್ಲಿ ಹೆಚ್ಚಾಗಿ ಆಡುವುದು ಅಕಾಡೆಮಿಗಳು. ತಿಂಗಳ ಶುಲ್ಕ ಕಟ್ಟಬಲ್ಲ ಮನೆಯ ಮಕ್ಕಳಿಗೆ ಆ ದಾರಿ ಸುಲಭ. ಸರ್ಕಾರಿ ಹೈಸ್ಕೂಲಿನ ಹುಡುಗ, ಹುಡುಗಿಗೆ ತಂಡವೆಂದರೆ ಇಂದಿಗೂ ಶಾಲೆಯೇ. ಯಲಹಂಕದ ಮೂರು ಕೇಂದ್ರೀಯ ವಿದ್ಯಾಲಯಗಳು, ಹೆಬ್ಬಾಳದ್ದು ಒಂದು, ಸುತ್ತಲಿನ ನಾಲ್ಕು ಸರ್ಕಾರಿ ಮತ್ತು ಖಾಸಗಿ ಪ್ರೌಢಶಾಲೆಗಳು ಸೇರಿದರೆ ಎಂಟು ತಂಡ. ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನು ಒಮ್ಮೆ ಎದುರಿಸಿದರೆ 28 ಪಂದ್ಯ. ಶನಿವಾರಕ್ಕೆ ನಾಲ್ಕರಂತೆ ಏಳು ಶನಿವಾರಗಳಲ್ಲಿ ಮುಗಿಯುತ್ತದೆ. ಬೇಕಾದದ್ದು ವಾಯುಸೇನೆಯೋ ಕಾರ್ಖಾನೆಯೋ ಆ ಏಳು ಶನಿವಾರ ಗೇಟು ತೆರೆದು ಕೊಡುವ ಮೈದಾನ, ಮಂಡಳಿಗಳ ಭೇದ ನೋಡದೆ ಸಹಿ ಹಾಕುವ ಕ್ಷೇತ್ರ ಶಿಕ್ಷಣಾಧಿಕಾರಿ, ಗೋಲು ಹೊಡೆದವರ ಹೆಸರು ಬರೆಯಲು ರಟ್ಟಿನ ಹೊದಿಕೆಯ ಒಂದು ರಿಜಿಸ್ಟರ್.